ಪೌತಿ ಖಾತೆಯ ಕಡತಕ್ಕೆ ಹತ್ತು ರೂಪಾಯಿಯ ಅರ್ಜಿ

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಕೊಟ್ಟ ಅರ್ಜಿ ತಾಲೂಕು ಕಚೇರಿಯಲ್ಲಿ ತಿಂಗಳುಗಟ್ಟಲೆ ಅಲ್ಲಾಡಲಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಎಲ್ಲ ಕೊಟ್ಟಾಗಿತ್ತು. ವಂಶವೃಕ್ಷದಲ್ಲಿ ಅಕ್ಕಂದಿರ ಹೆಸರೂ ಇತ್ತು. (ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು ಹೆಣ್ಣುಮಕ್ಕಳು ಪಿತ್ರಾರ್ಜಿತದಲ್ಲಿ ಸಮಪಾಲುದಾರರಾದರೂ, ಅವರನ್ನು ಬಿಟ್ಟು ಬರೆಸುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ.) ಕೌಂಟರಿನಲ್ಲಿ ಸಿಗುತ್ತಿದ್ದ ಉತ್ತರ ಮಾತ್ರ ಒಂದೇ: "ಸಾಹೇಬ್ರ ಟೇಬಲ್ ಮೇಲಿದೆ, ಮುಂದಿನ ವಾರ ಬನ್ನಿ."

ಆಗ ಕೈಗೆತ್ತಿಕೊಂಡದ್ದು ಅದೇ 2005ರ ಇನ್ನೊಂದು ಕಾಯ್ದೆ, ಮಾಹಿತಿ ಹಕ್ಕು (ಆರ್‌ಟಿಐ).

ಆ ಹೊತ್ತಿಗೆ ಊರಿನ ಹಲವರು ಬರೆದ ಆರ್‌ಟಿಐ ಅರ್ಜಿಗಳನ್ನು ನೋಡಿದ್ದೆ. ಹೆಚ್ಚಿನವು ಜಗಳದ ಧಾಟಿಯವು: ನನ್ನ ಕೆಲಸ ಯಾಕೆ ಮಾಡಿಲ್ಲ, ಇದು ನ್ಯಾಯವೇ, ಯಾರು ಹೊಣೆ? ಇಂಥದ್ದಕ್ಕೆ ಕಚೇರಿಯವರು "ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಮತ್ತು ಕಾನೂನಿನ ಪ್ರಕಾರ ಅದು ತಪ್ಪೂ ಅಲ್ಲ. ಈ ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು. ಅಧಿಕಾರಿ ನಮಗಾಗಿ ಕೂತು ಸಮಜಾಯಿಷಿ ಬರೆಯಬೇಕಿಲ್ಲ; 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಹಾಗಾಗಿ "ಯಾಕೆ" ಎಂಬ ಪದವನ್ನೇ ನನ್ನ ಅರ್ಜಿಯಲ್ಲಿ ತರಲಿಲ್ಲ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ನಾನು ಕೇಳಿದ್ದು ಇಷ್ಟು. ಇಂಥ ಸಂಖ್ಯೆಯ ನನ್ನ ಪೌತಿ ಅರ್ಜಿ ಸ್ವೀಕಾರವಾದ ದಿನದಿಂದ ಇಂದಿನವರೆಗೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾರ ಬಳಿ ಇತ್ತು ಎಂದು ತೋರಿಸುವ ದಾಖಲೆ, ಅವರ ಹುದ್ದೆ ಸಮೇತ. ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು. ಪೌತಿ ಅರ್ಜಿ ವಿಲೇವಾರಿಗೆ ಕಾಲಮಿತಿ ಹೇಳುವ ಆದೇಶ ಅಥವಾ ಸುತ್ತೋಲೆಯ ನಕಲು. ಕೊನೆಯದಾಗಿ, ನನ್ನ ಅರ್ಜಿಯ ನಂತರ ಬಂದು ನನಗಿಂತ ಮೊದಲೇ ವಿಲೇವಾರಿಯಾದ ಪೌತಿ ಅರ್ಜಿಗಳ ಸಂಖ್ಯೆ ಮತ್ತು ದಿನಾಂಕ. ಅರ್ಜಿದಾರರ ಹೆಸರನ್ನು ಬೇಕೆಂದೇ ಕೇಳಲಿಲ್ಲ. ಕೇಳಿದ್ದರೆ ಇತರರ ವೈಯಕ್ತಿಕ ಮಾಹಿತಿ ಎಂದು ಕಾಯ್ದೆಯ ಸೆಕ್ಷನ್ 8(1)(ಜೆ) ತೋರಿಸಿ ಇಡೀ ಅರ್ಜಿಯನ್ನೇ ತಳ್ಳಿಹಾಕಲು ದಾರಿಯಾಗುತ್ತಿತ್ತು.

ಈ ಕೊನೆಯ ಪ್ರಶ್ನೆಯೇ ನಾಟಿದ್ದು ಎಂದು ನನ್ನ ಊಹೆ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಅದರ ನಂಬರನ್ನು ಅರ್ಜಿಯಲ್ಲೇ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡೆ. "ಯಾವ ಉದ್ದೇಶಕ್ಕೆ?" ಎಂದು ಕೇಳಿದರು. ಉದ್ದೇಶ ಹೇಳಬೇಕಾಗಿಲ್ಲ ಎಂದು ಕಾಯ್ದೆಯ ಸೆಕ್ಷನ್ 6(2)ರಲ್ಲೇ ಇದೆ ಅಂದೆ. ಮುಂದೆ ಮಾತಾಡಲಿಲ್ಲ.

ಉತ್ತರ ಕೊಡಲು ಇರುವ 30 ದಿನದ ಗಡುವು ಮುಗಿಯುವ ಮೊದಲೇ ಪತ್ರ ಬಂತು: ಇಷ್ಟು ಪುಟ, ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ. ಹಣ ಕಟ್ಟಿ ಎಂದು ಅವರು ತಿಳಿಸಿದ ದಿನದಿಂದ ನಾವು ಕಟ್ಟುವವರೆಗಿನ ದಿನಗಳು 30ರ ಲೆಕ್ಕಕ್ಕೆ ಸೇರುವುದಿಲ್ಲ, ಆದ್ದರಿಂದ ತಡಮಾಡಿದರೆ ನಷ್ಟ ನಮಗೇ. ತಕ್ಷಣ ಕಟ್ಟಿದೆ. ತಮಾಷೆಯೆಂದರೆ, ನಕಲು ಕೈಗೆ ಬರುವ ಮುಂಚೆಯೇ ಖಾತೆ ಬದಲಾವಣೆಗೆ ಆಕ್ಷೇಪಣೆ ಕರೆಯುವ ನೋಟಿಸು ಹೊರಟುಬಿಟ್ಟಿತ್ತು! ಆಮೇಲೆ ಬಂದ ಹಾಳೆಗಳಲ್ಲಿ ಕಂಡದ್ದು: ಕಡತ ಯಾವ ಸಾಹೇಬರ ಟೇಬಲ್ಲಿಗೂ ಹೋಗಿರಲಿಲ್ಲ. ಗುಮಾಸ್ತರೊಬ್ಬರ ಬಳಿ ಒಂದು ಸಾಲಿನ ಟಿಪ್ಪಣಿಯೂ ಇಲ್ಲದೆ ಬಿದ್ದಿತ್ತು. ಖಾತೆ ಆಯಿತು, ಪಹಣಿಯಲ್ಲಿ ಎಲ್ಲರ ಹೆಸರೂ ಬಂತು.

ಅಲ್ಲಿಂದೀಚೆಗೆ ಅಕ್ಕಪಕ್ಕದವರಿಗೂ ಅರ್ಜಿ ಬರೆದುಕೊಡುತ್ತೇನೆ. ಎಲ್ಲವೂ ಇಷ್ಟು ಸಲೀಸಲ್ಲ. 30 ದಿನ ಕಳೆದರೂ ಉತ್ತರ ಬರದಿದ್ದರೆ ಕಾಯ್ದೆಯ ಕಣ್ಣಿಗೆ ಅದು ನಿರಾಕರಣೆಯೇ. ಅಲ್ಲಿಂದ 30 ದಿನದೊಳಗೆ ಮಾಹಿತಿ ಅಧಿಕಾರಿಗಿಂತ ಮೇಲಿನವರಿಗೆ ಮೊದಲ ಮೇಲ್ಮನವಿ. ತಡವಾಗಿ ಕೊಡುವ ಮಾಹಿತಿಗೆ ಪುಟದ ಶುಲ್ಕ ಕೇಳುವಂತಿಲ್ಲ, ಇದನ್ನು ಮೇಲ್ಮನವಿಯಲ್ಲೇ ಬರೆದುಬಿಡುತ್ತೇನೆ. ಎರಡನೆಯ ಮೇಲ್ಮನವಿ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ಆದರೆ ಅಲ್ಲಿ ಸರದಿ ಬರುವಷ್ಟರಲ್ಲಿ ಅರ್ಜಿದಾರರು ಸುಸ್ತಾಗಿರುತ್ತಾರೆ. ಅದಕ್ಕೇ ಮೊದಲ ಮೇಲ್ಮನವಿಯಲ್ಲೇ ಮುಗಿಸಲು ನೋಡುತ್ತೇನೆ. ವಿಚಾರಣೆಯ ದಿನ ಹೋಗಿ, ನಕಲಿನ ಮಾತು ಆಮೇಲೆ, ಮೊದಲು ಕಡತ ನೋಡಲು ಬಿಡಿ ಎಂದು ಕೇಳುತ್ತೇವೆ. ಪರಿಶೀಲಿಸುವುದೂ ನಮ್ಮ ಹಕ್ಕೇ. ಕಡತ ಮುಂದೆ ಬಂದರೆ ಬೇಕಾದ ಪುಟಗಳಿಗಷ್ಟೇ ಗುರುತು ಹಾಕಿ ನಕಲು ಪಡೆಯಬಹುದು, ಕಟ್ಟುಗಟ್ಟಲೆ ಹಾಳೆ ಹೊತ್ತು ತರುವ ಗೋಜಿಲ್ಲ.