ಬಾರ್ತ್ ಓದಲು ನಾನು ಹಿಡಿದ ದಾರಿ

ನಮ್ಮ ಮಂಗಳೂರಿನ ಕ್ರೈಸ್ತ ಸಭೆಯವರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಅಂದರೆ ಮೊದಲು ನೆನಪಾಗುವುದು ಮಿಷನ್. 1834ರಲ್ಲಿ ಬಂದವರು, ಶಾಲೆ, ಪ್ರೆಸ್ಸು, ಹಂಚಿನ ಕಾರ್ಖಾನೆ. ಅದೇ ಬಾಸೆಲ್‌ನಲ್ಲಿ 1886ರಲ್ಲಿ ಹುಟ್ಟಿದ ಕಾರ್ಲ್ ಬಾರ್ತ್ ಎಂಬ ದೈವಶಾಸ್ತ್ರಿಯನ್ನು ಓದಬೇಕು ಅನ್ನುವುದು ನನ್ನ ಹಳೇ ಆಸೆ. ಸಭಾಪಾಲಕರು ಪ್ರಸಂಗದಲ್ಲಿ ಆ ಹೆಸರು ಎತ್ತಿದಾಗಲೆಲ್ಲ ‘ರಿಟೈರ್ ಆಗಲಿ, ಓದೋಣ’ ಅಂದುಕೊಳ್ಳುತ್ತಿದ್ದೆ. ರಿಟೈರೂ ಆಯಿತು, ಪುಸ್ತಕ ಮಾತ್ರ ತೆರೆಯಲಿಲ್ಲ.

ಹೆದರಿಸಿದ್ದು ಗಾತ್ರ. ಕ್ರೈಸ್ತ ನಂಬಿಕೆಯನ್ನು ವಿವರಿಸುವ ಅವರ ದೊಡ್ಡ ಗ್ರಂಥ ‘ಚರ್ಚ್ ಡಾಗ್ಮ್ಯಾಟಿಕ್ಸ್’ 1932ರಿಂದ 1967ರವರೆಗೆ ಬಿಡಿಬಿಡಿಯಾಗಿ ಬಂದ ನಾಲ್ಕು ಸಂಪುಟ, ಒಟ್ಟು 13 ಪುಸ್ತಕ, 9 ಸಾವಿರಕ್ಕೂ ಜಾಸ್ತಿ ಪುಟ. ಇಷ್ಟಾದರೂ ಮುಗಿದಿಲ್ಲ! ಐದನೇ ಸಂಪುಟಕ್ಕೆ ಅವರು ಕೈ ಹಾಕಲೇ ಇಲ್ಲ. ಮೊದಲ ಸಂಪುಟದ ಎರಡು ದಪ್ಪ ಪುಸ್ತಕಗಳು ಬರೀ ಪೀಠಿಕೆ: ದೇವರ ಬಗ್ಗೆ ಮನುಷ್ಯ ಮಾತಾಡುವುದಾದರೂ ಹೇಗೆ ಅನ್ನುವ ಚರ್ಚೆ. ಆ ಬಾಗಿಲಿನಿಂದ ಒಳಗೆ ಹೋಗುವುದು ಬೇಡ ಅಂತ ಮೊದಲೇ ತೀರ್ಮಾನಿಸಿದೆ.

ನಾನು ಎತ್ತಿಕೊಂಡಿದ್ದು ‘ಡಾಗ್ಮ್ಯಾಟಿಕ್ಸ್ ಇನ್ ಔಟ್‌ಲೈನ್’ ಎಂಬ ಸಣ್ಣ ಪುಸ್ತಕ. ಅದು ಬರೆದದ್ದಲ್ಲ, ಮಾತಾಡಿದ್ದು. ಹಿಟ್ಲರನಿಗೆ ಷರತ್ತಿಲ್ಲದ ಪ್ರಮಾಣ ಮಾಡಲು ಒಪ್ಪದೆ 1935ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡವರು ಬಾರ್ತ್. ಯುದ್ಧ ಮುಗಿದು 1946ರ ಬೇಸಿಗೆಯಲ್ಲಿ ಅದೇ ಬಾನ್‌ಗೆ ಪಾಠ ಮಾಡಲು ಹೋದರು. ಪಾಳುಬಿದ್ದ ಅರಮನೆ ಕಟ್ಟಡ, ಬೆಳಿಗ್ಗೆ ಏಳು ಗಂಟೆ, ಮೊದಲು ಒಂದು ಕೀರ್ತನೆ ಹಾಡಿ ಆಮೇಲೆ ಪಾಠ. ಎಂಟಾಗುತ್ತಿದ್ದಂತೆ ಹೊರಗೆ ಕಲ್ಲುಮಣ್ಣು ಪುಡಿಮಾಡುವ ಯಂತ್ರದ ಗಲಾಟೆ. ಪೂರ್ತಿ ಬರೆದಿಟ್ಟುಕೊಳ್ಳದೆ ಮಾತಾಡಿದ್ದು ಜೀವನದಲ್ಲಿ ಅದೇ ಮೊದಲು ಅಂತ ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಹಾಗಾಗಿ ವಾಕ್ಯಕ್ಕೆ ಉಸಿರಿದೆ.

ಪುಸ್ತಕದ ದಾರಿ ನಮಗೆ ಗೊತ್ತಿರುವುದೇ, ಅಪೊಸ್ತಲರ ವಿಶ್ವಾಸ ಪ್ರಮಾಣ, ಅಂದರೆ ನಮ್ಮ ನಂಬಿಕೆಯ ಸಾರವನ್ನು ಕೆಲವೇ ಸಾಲಲ್ಲಿ ಹೇಳುವ ಹಳೇ ಪಾಠ. ಭಾನುವಾರ ಎದ್ದು ನಿಂತು ಅದರಲ್ಲಿ ‘ಪೊಂತ್ಯ ಪಿಲಾತ’ ಅಂತ ಹೇಳುತ್ತೇವಲ್ಲ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಆ ರೋಮನ್ ರಾಜ್ಯಪಾಲ ಅಲ್ಲಿ ಹೇಗೆ ಬಂದ ಅಂತ ನಾನು ಯಾವತ್ತೂ ಯೋಚಿಸಿದವನಲ್ಲ. ಒಳ್ಳೇ ಕೋಣೆಗೆ ನಾಯಿ ನುಗ್ಗಿದ ಹಾಗೆ ಬಂದ ಅನ್ನಬಹುದು, ಅನ್ನುತ್ತಾರೆ ಬಾರ್ತ್! ಆಮೇಲೆ ನಿಜವಾದ ಉತ್ತರಕ್ಕೆ ಬರುತ್ತಾರೆ: ಆ ಹೆಸರು ಇಸವಿ ಹೇಳುತ್ತದೆ. ಇದು ಪುರಾಣವಲ್ಲ, ಇಂಥ ರಾಜ್ಯಪಾಲನ ಕಾಲದಲ್ಲಿ ನಮ್ಮ ಈ ಲೋಕದಲ್ಲೇ ನಡೆದದ್ದು. ಆ ಪುಟ ಓದಿದ ಮೇಲೆ ಇವರ ಜೊತೆ ಕೂರಬಹುದು ಅನ್ನಿಸಿತು.

ಈಗ ದೊಡ್ಡ ಗ್ರಂಥದಲ್ಲಿದ್ದೇನೆ, 1953ರಲ್ಲಿ ಬಂದ ನಾಲ್ಕನೇ ಸಂಪುಟದ ಮೊದಲ ಭಾಗದಲ್ಲಿ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆಯ ದಾರಿತಪ್ಪಿದ ಮಗ ದೂರದೇಶಕ್ಕೆ ಹೋದ. ಇಲ್ಲಿ ದೇವರ ಮಗನೇ ದೂರದೇಶಕ್ಕೆ ಹೊರಡುತ್ತಾನೆ, ನ್ಯಾಯಾಧಿಪತಿಯೇ ಅಪರಾಧಿಯ ಜಾಗದಲ್ಲಿ ನಿಲ್ಲುತ್ತಾನೆ. ಬಾರ್ತ್ ಅವರ ಹೃದಯ ಇರುವುದು ಇಲ್ಲೇ ಅಂತ ನನ್ನ ಲೆಕ್ಕ.

ಪ್ರತಿ ಪ್ರಕರಣದ ತಲೆಯಲ್ಲಿ ಅದರ ಸಾರ ಕೆಲವೇ ಸಾಲಲ್ಲಿರುತ್ತದೆ. ಅದನ್ನು ಮೊದಲು ನನ್ನ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಕನ್ನಡದಲ್ಲಿ ಬರೆಯಲು ಆಗಲಿಲ್ಲ ಅಂದರೆ ಅರ್ಥವಾಗಿಲ್ಲ ಅಂತಲೇ. ಆಮೇಲೆ ದೊಡ್ಡ ಅಕ್ಷರದ ಪ್ಯಾರಾಗಳನ್ನು ಬಾಯಿಬಿಟ್ಟು ಓದುತ್ತೇನೆ. ಅವರು ಒಂದೇ ಮಾತನ್ನು ಸುತ್ತಿ ಸುತ್ತಿ ಹೇಳುವವರು. ಹಾಗಾಗಿ ಒಂದು ಪ್ಯಾರಾ ತಲೆಗೆ ಹೋಗದಿದ್ದರೆ ಸುಮ್ನೆ ಮುಂದೆ ಹೋದರೂ ನಡೆಯುತ್ತದೆ. ನಡುನಡುವೆ ಸಣ್ಣಕ್ಷರದ ಪುಟಗಳು ಬರುತ್ತವೆ, ತುಂಬ ಗ್ರೀಕು, ಲ್ಯಾಟಿನ್. ಹಳೇ ದೇವಶಾಸ್ತ್ರಿಗಳ ಜೊತೆಗಿನ ವಾದಗಳನ್ನು ಬಿಟ್ಟುಬಿಡುತ್ತೇನೆ. ಸತ್ಯವೇದದ (ಬೈಬಲಿನ) ವಚನ ಬಿಡಿಸುವ ಕಡೆ ಮಾತ್ರ ಪಕ್ಕದಲ್ಲಿ ಸತ್ಯವೇದ ಇಟ್ಟುಕೊಂಡು ಕೂರುತ್ತೇನೆ. ಕೊಳ್ಳುವವರಿಗೆ ಒಂದು ಮಾತು: ಟಿ ಆಂಡ್ ಟಿ ಕ್ಲಾರ್ಕ್ ಪ್ರಕಾಶನದವರ 31 ಪುಸ್ತಕಗಳ ಸ್ಟಡಿ ಎಡಿಷನ್‌ನಲ್ಲಿ ಆ ಗ್ರೀಕು, ಲ್ಯಾಟಿನ್‌ಗೆ ಇಂಗ್ಲಿಷ್ ಅನುವಾದವಿದೆ, ಬೇಕಾದ ಒಂದನ್ನೇ ತೆಗೆದುಕೊಳ್ಳಬಹುದು.

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಸಹಾಯಕಿ ಷಾರ್ಲೊಟ್ ಫಾನ್ ಕಿರ್ಶ್‌ಬಾಮ್ 1929ರಿಂದ ಬಾರ್ತ್ ಮನೆಯಲ್ಲೇ ಇದ್ದರು. ಅವರಿಬ್ಬರ ನಡುವಿನ ಪ್ರೀತಿಯಿಂದ ಹೆಂಡತಿ ನೆಲ್ಲಿ ಪಟ್ಟ ಪಾಡು ಪತ್ರಗಳಲ್ಲಿ ದಾಖಲಾಗಿದೆ. ಈ ಗ್ರಂಥದ ಹಿಂದೆ ಷಾರ್ಲೊಟ್ ದುಡಿಮೆಯೂ ಬೇಕಾದಷ್ಟಿದೆ. ಕೃಪೆಯ ಬಗ್ಗೆ ಓದುವಾಗ ಆ ಮನೆ ನೆನಪಾಗದೆ ಇರುವುದಿಲ್ಲ.

ಮುಂದೆ ಮೊದಲ ಸಂಪುಟದ 17ನೇ ಪ್ರಕರಣ ಓದಬೇಕು. ಧರ್ಮ ಅನ್ನುವುದೇ ಅವಿಶ್ವಾಸ ಅಂತ ಅವರು ಹೇಳುವ ಜಾಗ ಅದು, ಕ್ರೈಸ್ತಧರ್ಮವನ್ನೂ ಸೇರಿಸಿ. ಅಲ್ಲಿ ಅಮಿದ ಬುದ್ಧನ ಕೃಪೆಯನ್ನೇ ನಂಬುವ ಜಪಾನಿನ ಬೌದ್ಧರ ಜೊತೆ ನಮ್ಮ ಭಕ್ತಿಮಾರ್ಗವೂ ಬಂದು ಹೋಗುತ್ತದೆ. ಅಕ್ಕಪಕ್ಕದ ಮನೆಯ ದಾಸರ ಪದ ಕೇಳಿ ಬೆಳೆದವನು ನಾನು. ಅಲ್ಲಿ ನನಗೂ ಬಾರ್ತ್‌ಗೂ ಸ್ವಲ್ಪ ಜಗಳ ಆಗುವ ಹಾಗೆ ಕಾಣುತ್ತದೆ.