ಕಥೆಯ ಅನುಕ್ರಮ: ನಲಿ-ಕಲಿ ತರಗತಿಯ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಸರಕಾರಿ ಶಾಲೆಯೊಂದರಲ್ಲಿ, ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆ ನನ್ನದು. ಕೇಳಿದ ಕಥೆಯನ್ನು ತಿರುಗಿ ಹೇಳಲು ತಿಳಿಸಿದಾಗ ಆರು ವರ್ಷದ ಮಕ್ಕಳಲ್ಲಿ ಅನೇಕರು ಬಾಯಾರಿದ ಕಾಗೆ ಬಂತು, ನೀರು ಕುಡಿಯಿತು, ಹಾರಿಹೋಯಿತು ಎಂದು ಮುಗಿಸುತ್ತಿದ್ದರು. ಹರಳುಗಳ ಸುದ್ದಿಯೇ ಬರುತ್ತಿರಲಿಲ್ಲ. ಹಿಂದಿನ ಘಟನೆ ಮುಂದಿನದಕ್ಕೆ ಕಾರಣವಾಗುವ ಬಗೆ ಅವರಿಗೆ ಕಾಣದಿದ್ದುದರಿಂದಲೇ ನಡುವಿನ ಭಾಗ ಜಾರಿಹೋಗುತ್ತಿತ್ತು ಎಂದು ನಾನು ನಂಬುತ್ತೇನೆ.

ಆದ್ದರಿಂದ ಕಥೆಗಿಂತ ಮೊದಲು ಜೋಳದ ರೊಟ್ಟಿಯನ್ನು ಎತ್ತಿಕೊಂಡೆ. ಹಿಟ್ಟು ನಾದುವುದು, ಬಡಿಯುವುದು, ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು, ಮಗುಚುವುದು ಇವುಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಚಿತ್ರಿಸಿ ಕ್ರಮ ತಪ್ಪಿಸಿ ಇಟ್ಟಾಗ, ದಿನವೂ ಅಡುಗೆಮನೆಯಲ್ಲಿ ನೋಡುವ ಮಕ್ಕಳು ಕಾರಣಸಮೇತ ಜೋಡಿಸಿದರು. ನೀರಿನ ಚೀಟಿಯನ್ನು ನಾನು ಬೇಕೆಂದೇ ಕೊನೆಗಿಟ್ಟಾಗ ಒಬ್ಬ ಹುಡುಗಿ, “ಹೊಳ್ಳಿ ಹಾಕೂದಕ್ಕಿಂತ ಮೊದ್ಲ ನೀರು ಹಚ್ಚಬೇಕ್ರಿ ಅಕ್ಕೋರ, ಇಲ್ಲಾಂದ್ರ ಮ್ಯಾಲಿನ ಹಿಟ್ಟು ಹಂಗ ಉಳಿತೈತ್ರಿ” ಎಂದಳು. ನನಗೆ ಬೇಕಾಗಿದ್ದುದು ಆ “ಇಲ್ಲಾಂದ್ರ” ಎಂಬ ವಿಚಾರವೇ.

ಬಳಿಕ ಕಾಗೆಯ ಕಥೆಗೆ ಬಂದು, ಗಾಜಿನ ಲೋಟದಲ್ಲಿ ಮಕ್ಕಳಿಂದಲೇ ಹರಳು ಹಾಕಿಸಿದೆ. ಲೋಟದಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ನೀರಿರಲಿ. ತೀರಾ ಕಡಿಮೆಯಿದ್ದರೆ ನೀರು ಹರಳುಗಳ ಸಂದಿಯಲ್ಲೇ ಉಳಿದು ಮೇಲಕ್ಕೇರುವುದಿಲ್ಲ. ಆಮೇಲೆ ಕಥೆಯ ಘಟನೆಗಳ ಚಿತ್ರಗಳನ್ನು ಕ್ರಮವಾಗಿ ಜೋಡಿಸಲು ಕೊಟ್ಟೆ: ಮೊದಲು ಮೂರು, ರೂಢಿಯಾದ ಮೇಲೆ ಐದು. ಚಿತ್ರಗಳ ಹಿಂದೆ ಅಂಕಿ ಬರೆಯಬಾರದು, ಬರೆದರೆ ಮಕ್ಕಳು ಅಂಕಿಯನ್ನಷ್ಟೇ ನೋಡುತ್ತಾರೆ. ಒಂದು ಚಿತ್ರವನ್ನು ಮುಚ್ಚಿಟ್ಟು, ಇದು ನಡೆಯದಿದ್ದರೆ ಮುಂದಿನದು ಆಗುತ್ತಿತ್ತೇ ಎಂದು ಕೇಳುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು.

ಮಾತಿನ ರಚನೆಗೂ ಇಲ್ಲಿ ದೊಡ್ಡ ಪಾತ್ರವಿದೆ. “ಹಾರಿ ಬಂದು, ಹರಳು ಹಾಕಿ, ನೀರು ಕುಡಿಯಿತು” ಎಂಬಲ್ಲಿ ಘಟನೆಗಳು ನಡೆದ ಕ್ರಮದಲ್ಲೇ ಕಿವಿಗೆ ಬೀಳುತ್ತವೆ. “ನೀರು ಕುಡಿಯುವ ಮೊದಲು ಹರಳು ಹಾಕಿತು” ಎಂದಾಗ ನಂತರದ್ದು ಮೊದಲು ಕೇಳಿಸುವುದರಿಂದ ಚಿಕ್ಕವರು ಗಲಿಬಿಲಿಗೊಳ್ಳುತ್ತಾರೆ. ಈ ಎರಡನೆಯ ಬಗೆಯ ವಾಕ್ಯಗಳನ್ನು ನಾನು ಚಿತ್ರಗಳನ್ನು ಬೆರಳಿನಿಂದ ತೋರಿಸುತ್ತಲೇ ನಿಧಾನವಾಗಿ ಪರಿಚಯಿಸಿದೆ.

ಕಾರಣದ ನಂಟಿಲ್ಲದ ಎರಡು ಘಟನೆಗಳನ್ನು ಮಗು ಅದಲುಬದಲು ಮಾಡಿದರೆ ತಪ್ಪೆನ್ನಬೇಕಾಗಿಲ್ಲ. ಕಾಗೆ ಮೊದಲು ಮರದ ಮೇಲೆ ಕುಳಿತಿತೋ ಗೋಡೆಯ ಮೇಲೆ ಕುಳಿತಿತೋ ಎಂಬುದರಿಂದ ಕಥೆ ಕೆಡುವುದಿಲ್ಲ. ಹಾಗೆ ಜೋಡಿಸಿದ್ದೇಕೆಂದು ಮಗು ಹೇಳಬಲ್ಲದೇ ಎಂಬುದನ್ನೇ ನಾನು ಮೌಲ್ಯಮಾಪನದಲ್ಲಿ ನೋಡುತ್ತೇನೆ.