ಸ್ಲೀಪಿಂಗ್ ಬ್ಯಾಗ್ ಲೈನರ್ ತಗೊಳೋ ಬದ್ಲು ಸೀರೇಲೇ ಹೊಲಿಸ್ಕೊಂಡೆ

ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಬೆಟ್ಟಕ್ಕೆ ಟ್ರೆಕ್ ಹೊರಡೋ ನಮ್ ಬೆಂಗಳೂರಿನವ್ರು ಜಾಕೆಟ್‌ಗೆ, ಶೂಗೆ ಸಾವಿರಾರು ಸುರೀತಾರೆ, ಆದ್ರೆ ರಾತ್ರಿ ಮಲಗೋದು ಟ್ರೆಕ್ ನಡೆಸೋರು ಕೊಡೋ ಸ್ಲೀಪಿಂಗ್ ಬ್ಯಾಗಲ್ಲಿ, ಅದ್ರಲ್ಲಿ ನಮಗಿಂತ ಮುಂಚೆ ಎಷ್ಟು ಜನ ಸಾಕ್ಸ್ ಸಮೇತ ಮಲಗೆದ್ದಿದ್ದಾರೋ ದೇವ್ರಿಗೇ ಗೊತ್ತು. ನಾನು ಲೈನರ್ (ಬ್ಯಾಗ್ ಒಳಗೆ ಹಾಕ್ಕೊಂಡು ಮಲಗೋ ಬಟ್ಟೆ ಚೀಲ) ಹುಡುಕೋಕೆ ಶುರು ಮಾಡಿದ್ದೇ ಅದಕ್ಕೆ, ಚಳಿಗೆ ಅಂತ ಅಲ್ಲ. ಈಗ್ಲೂ ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತೀನಿ, ಮೊದ್ಲು ಕ್ಲೀನ್, ಆಮೇಲೆ ಬೆಚ್ಚಗೆ. ಸ್ವಂತ ಬ್ಯಾಗ್ ಇದ್ರೂ ಅಷ್ಟೇ, ಮೈಯೆಣ್ಣೆ ಬೆವರು ಹತ್ತಿ ಹತ್ತಿ ಒಳಗಿರೋ ಡೌನ್ (ಬಾತುಕೋಳಿಯ ಮೆತ್ತನೆ ಪುಕ್ಕ) ಅಂಟ್ಕೊಂಡು ಉಬ್ಬೋದು ಕಮ್ಮಿ ಆಗುತ್ತೆ, ಬ್ಯಾಗ್ ಒಗೆಯೋದು ದೊಡ್ಡ ತಲೆನೋವು, ಲೈನರ್ ಆದ್ರೆ ಬಕೆಟ್‌ಲಿ ಅದ್ದಿ ತೆಗೆದ್ರೆ ಆಯ್ತು.

ಪ್ಯಾಕೆಟ್ ಮೇಲೆ ಇಷ್ಟು ಡಿಗ್ರಿ ಜಾಸ್ತಿ ಬೆಚ್ಚಗಿರುತ್ತೆ ಅಂತ ಬರ್ದಿರ್ತಾರಲ್ಲ, ಅದನ್ನ ನೋಡಿ ಕಾಸು ಕೊಡ್ಬೇಡಿ. ಬ್ಯಾಗ್‌ಗಾದ್ರೆ ಐಎಸ್ಓ 23537 ಅಂತ ಟೆಸ್ಟ್ ಇದೆ, ಬಿಸಿ ಮಾಡಿದ ಗೊಂಬೆನ ಒಳಗೆ ಮಲಗಿಸಿ ಅಳೀತಾರೆ, ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಡಿಗ್ರಿ ಲೆಕ್ಕದಲ್ಲಿ ನಂಬರ್ ಬರುತ್ತೆ (ಕಂಫರ್ಟ್ ನೋಡಿ ತಗೊಳ್ಳಿ, ಎಕ್ಸ್‌ಟ್ರೀಮ್ ಅನ್ನೋದು ಜೀವ ಉಳಿಯೋ ಲೆಕ್ಕ, ನಿದ್ದೆದಲ್ಲ). ಲೈನರ್ ಮೇಲಿನ ನಂಬರ್ ಕಂಪನಿಯವ್ರು ತಾವೇ ಹೇಳ್ಕೊಳ್ಳೋದು.

ಬಟ್ಟೆ ವಿಷ್ಯ. ಕಾಟನ್ ಅಗ್ಗ, ಮೈಗೆ ಹಿತ, ಆದ್ರೆ ಬೆವರು ಹೀರ್ಕೊಂಡ್ರೆ ಟೆಂಟ್ ಒಳಗೆ ಬೆಳಗಾದ್ರೂ ಒಣಗಲ್ಲ, ಅದೇ ತಣ್ಣಗೆ ಮೈಗೆ ಹತ್ತುತ್ತೆ. ಫ್ಲೀಸ್ ನಿಜವಾಗ್ಲೂ ಬೆಚ್ಚಗೆ, ಆದ್ರೆ ಮುಕ್ಕಾಲು ಕೇಜಿ ಹತ್ರ ತೂಗುತ್ತೆ, ಚೀಲದಲ್ಲಿ ಅರ್ಧ ಜಾಗ ಅದೇ ತಿನ್ನುತ್ತೆ, ಕಾರಲ್ಲಿ ಹೋಗೋರಿಗೆ ಓಕೆ. ಥರ್ಮೋಲೈಟ್ ಅಂತ ಬರುತ್ತಲ್ಲ, ಒಳಗೆ ಟೊಳ್ಳಿರೋ ಪಾಲಿಯೆಸ್ಟರ್ ಎಳೆ, ಹಿಗ್ಗುತ್ತೆ, ಬೇಗ ಒಣಗುತ್ತೆ, ಹಿಮದ ಟ್ರೆಕ್ಕೇ ಜಾಸ್ತಿ ಮಾಡೋರು ಅದನ್ನ ತಗೊಳ್ಳಿ. ನಾನು ರೇಷ್ಮೆಗೆ ಬಂದೆ, ಹಗುರ, ಮುಷ್ಟಿಯಷ್ಟಾಗುತ್ತೆ, ಮಳೆ ಮುಗಿದ ಮೇಲೆ ಕೊಡಗು ಚಿಕ್ಕಮಗಳೂರು ಕಡೆ ಟೆಂಟ್ ಹಾಕೋಕೂ ಆಗುತ್ತೆ, ಸೆಕೆ ಅನ್ಸಿದ್ರೆ ಬ್ಯಾಗ್ ಪಕ್ಕಕ್ಕಿಟ್ಟು ಬರೀ ಅದ್ರಲ್ಲೇ ಮಲಗ್ಬೋದು.

ಅಂಗಡಿ ರೇಷ್ಮೆ ಲೈನರ್ ರೇಟ್ ನೋಡಿದ್ಮೇಲೆ, ರೇಷ್ಮೆ ಬೆಳೆಯೋ ರಾಜ್ಯದಲ್ಲಿ ಹುಟ್ಟಿ ಇಷ್ಟು ಕೊಡ್ಬೇಕಾ ಅನ್ನಿಸ್ತು. ಅಮ್ಮನ ಬೀರುಲಿ ಉಡದೇ ಇದ್ದ ಒಂದು ತೆಳು ಪ್ಲೇನ್ ಸಿಲ್ಕ್ ಸೀರೆ ಇತ್ತು, ಕೇಳಿದ್ದಕ್ಕೆ ಸ್ವಲ್ಪ ಬೈದು ಕೊಟ್ಲು. ಸೀರೆ ಐದೂವರೆ ಮೀಟರ್ ಬರುತ್ತಲ್ಲ, ಅದ್ರಲ್ಲಿ 4.4 ಮೀಟರ್ ಕತ್ತರಿಸಿ ಜರಿ ಅಂಚು ಎರಡೂ ಕಡೆ ತೆಗೆಸಿದೆ, ಜರಿ ಕತ್ತಿಗೆ ಕೆರೆಯುತ್ತೆ, ತೂಕನೂ ದಂಡ. ಮಧ್ಯಕ್ಕೆ ಮಡಚಿದ್ರೆ 2.2 ಮೀಟರ್ ಉದ್ದ, ಮಡಿಕೆ ಕಾಲ ಕಡೆ ಬರೋ ಹಾಗೆ ಇಡ್ಬೇಕು, ಯಾಕಂದ್ರೆ ಜಾಸ್ತಿ ಒದೆ ಬೀಳೋದು ಅಲ್ಲೇ, ಹೊಲಿಗೆ ಇದ್ರೆ ಬಿಟ್ಕೊಳ್ಳುತ್ತೆ. ಒಂದು ಪಕ್ಕ ಪೂರ್ತಿ ಹೊಲಿಗೆ, ಇನ್ನೊಂದು ಪಕ್ಕ ಮೇಲಿಂದ ಎರಡು ಅಡಿ ಬಿಟ್ಟು, ರಾತ್ರಿ ಮೂತ್ರಕ್ಕೆ ಏಳ್ಬೇಕಾದ್ರೆ ಆ ಎರಡು ಅಡಿ ಬೆಲೆ ಗೊತ್ತಾಗುತ್ತೆ. ಕುತ್ತಿಗೆ ಹತ್ರ ಲಾಡಿ, ಪಾದದ ಕಡೆ ಸ್ವಲ್ಪ ಕಿರಿದು. ಟೈಲರ್ ಅಣ್ಣ ‘ಇದೇನ್ ಸಾರ್, ಆನೆ ದಿಂಬಿಗೆ ಕವರ್ರಾ’ ಅಂತ ಕೇಳಿದ್ರು. ಅಡುಗೆಮನೆ ತಕ್ಕಡೀಲಿ 240 ಗ್ರಾಂ ಬಂತು, ಅಂಗಡೀದು ಇದಕ್ಕಿಂತ ಹಗುರ ಸಿಗುತ್ತೆ, ನಂಗೆ ಇದು ಸಾಕು.

ಅಗಲ ಕಮ್ಮಿ ಮಾಡೋಕೆ ಹೋಗ್ಬೇಡಿ ಮತ್ತೆ. ಬಿಗಿಯಾದ್ರೆ ಮಗ್ಗುಲು ಬದಲಾಯಿಸಿದಾಗೆಲ್ಲ ಕಾಲಿಗೆ ಸುತ್ಕೊಳ್ಳುತ್ತೆ, ರಾತ್ರಿಯಿಡೀ ಬಿಡಿಸ್ಕೊಳ್ಳೋದೇ ಕೆಲ್ಸ. ರೇಷ್ಮೆ ಜಾರೋದ್ರಿಂದ ಬ್ಯಾಗ್ ಒಳಗೆ ನಮ್ ಜೊತೇನೇ ತಿರುಗುತ್ತೆ, ಫ್ಲೀಸ್ ಕಚ್ಕೊಂಡು ಕೂರುತ್ತೆ.

ಇನ್ನು ಚಳಿ. 3,800 ಮೀಟರ್ ಎತ್ತರದ ಕೇದಾರಕಂಠಕ್ಕೆ ಹತ್ತೋ ದಾರೀಲಿ, ಜೂಡಾ ಕಾ ತಾಲಾಬ್ ಕ್ಯಾಂಪಲ್ಲಿ ಡಿಸೆಂಬರ್ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಅಲ್ಲಿ ರೇಷ್ಮೆ ಒಂದೇ ಏನೂ ಮಾಡಲ್ಲ. ನಮ್ ಭಾರಕ್ಕೆ ಬ್ಯಾಗಿನ ಕೆಳಭಾಗ ಅಮುಕಿ ಹೋಗುತ್ತೆ, ಅಲ್ಲಿ ತಡೆಯೋದು ಮ್ಯಾಟ್ ಮಾತ್ರ. ಹಿಮದ ಮೇಲಾದ್ರೆ ಮ್ಯಾಟಿನ ಆರ್ ವ್ಯಾಲ್ಯೂ (ನೆಲದ ಚಳಿ ಎಷ್ಟು ತಡೆಯುತ್ತೆ ಅನ್ನೋ ಅಳತೆ) 4ಕ್ಕಿಂತ ಮೇಲಿರ್ಲಿ, ಮಾಮೂಲಿ ಫೋಮ್ ಮ್ಯಾಟ್ 2ರ ಆಸುಪಾಸು ಇರುತ್ತೆ, ಎರಡು ಒಂದ್ರ ಮೇಲೊಂದು ಹಾಸಿದ್ರೆ ಕೂಡಿಕೊಳ್ಳುತ್ತೆ. ಬಾಟಲಿಗೆ ಬಿಸಿನೀರು ತುಂಬಿ ಮುಚ್ಚಳ ಎರಡು ಸಲ ನೋಡಿ ಲೈನರ್ ಹೊರಗೆ, ಬ್ಯಾಗ್ ಒಳಗೆ ಪಾದದ ಹತ್ರ ಇಟ್ರೆ ನಡುವೆ ಬಟ್ಟೆ ಇರುತ್ತೆ, ನೇರವಾಗಿ ಚರ್ಮಕ್ಕೆ ತಾಗಲ್ಲ. ಮುಖ ಮಾತ್ರ ಒಳಗೆ ಎಳ್ಕೋಬೇಡಿ, ಉಸಿರಿನ ತೇವಕ್ಕೆ ಬೆಳಿಗ್ಗೆ ಬ್ಯಾಗ್ ಒದ್ದೆ ಆಗಿರುತ್ತೆ.

ಒಗೆಯೋಕೆ ತಣ್ಣೀರು, ಒಂದು ಚಮಚ ಶಾಂಪೂ, ಹಿಂಡದೆ ನೆರಳಲ್ಲಿ ಹರವೋದು ಅಷ್ಟೇ. ವಾಷಿಂಗ್ ಪೌಡರ್ ಹಾಕ್ಬೇಡಿ, ಬ್ಲೀಚ್ ಅಂತೂ ಮುಟ್ಲೇಬೇಡಿ.